ಕ್ಸೆನಾನ್ ದೀಪ: ಬೆಳಕು ಯಾರಿಗೆ, ಕತ್ತಲೆ ಯಾರಿಗೆ?

ಕಾರಿನ ಹೆಡ್‌ಲೈಟು ಮಂದವಾಗಿದೆ, ಕ್ಸೆನಾನ್ ಕಿಟ್ ಹಾಕಿಸೋಣ ಎಂದು ಮಗ ಹೇಳುತ್ತಾನೆ. ಕಂಪನಿಯವರು ಕೊಟ್ಟ ದೀಪಕ್ಕೆ ಏನಾಗಿದೆ, ಸುಮ್ಮನಿರು ಎಂದು ತಂದೆ ಹೇಳುತ್ತಾರೆ. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದುವ ಹುಡುಗರಿರುವ ಮನೆಗಳಲ್ಲಿ ಇಂಥ ಮಾತುಕತೆ ಈಗ ಹೊಸದೇನಲ್ಲ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಹಳೆಯ ಕಾರುಗಳ ದೀಪ ಮಂದವಾಗಿರುವುದು ನಿಜ. ಆದರೆ ಅದಕ್ಕೆ ಮದ್ದು ಕ್ಸೆನಾನ್ ಕಿಟ್ಟೇ ಆಗಬೇಕೆಂದಿಲ್ಲ. ಹತ್ತನೆಯ ತರಗತಿಯ ಬೆಳಕಿನ ಪಾಠವನ್ನೂ ಪಿಯುಸಿಯ ಒಂದೆರಡು ಸೂತ್ರಗಳನ್ನೂ ಮುಂದಿಟ್ಟುಕೊಂಡರೆ ಈ ಪ್ರಶ್ನೆಗೆ ಮನೆಯಲ್ಲೇ ಉತ್ತರ ಸಿಗುತ್ತದೆ.

ಮೊದಲು ನಮ್ಮ ರಸ್ತೆಗಳನ್ನು ನೋಡೋಣ. ಗದಗ-ಬೆಟಗೇರಿಯ ಬೀದಿದೀಪಗಳು ಮುಗಿದ ಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಯಾವ ಕಡೆಗೆ ಹೊರಟರೂ ಊರು ಊರಿನ ನಡುವೆ ಕತ್ತಲೆಯೇ. ಬಹುಪಾಲು ದಾರಿಯಲ್ಲಿ ಹೋಗುವವರಿಗೂ ಬರುವವರಿಗೂ ಒಂದೇ ರಸ್ತೆ, ನಡುವೆ ಗೋಡೆಯಿಲ್ಲ, ಗಿಡಗಳ ಸಾಲಿಲ್ಲ. ಎದುರಿನ ವಾಹನದ ಬೆಳಕು ನೇರವಾಗಿ ಕಣ್ಣಿಗೇ ಬರುತ್ತದೆ. ಡಾಂಬರೂ ಕಪ್ಪು, ಪಕ್ಕದ ಎರೆಭೂಮಿಯೂ ಕಪ್ಪು. ಸುಗ್ಗಿಯ ದಿನಗಳಲ್ಲಿ ಉಳ್ಳಾಗಡ್ಡಿ ತುಂಬಿದ ಲಾರಿ, ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಹೊಲದಿಂದ ತಡವಾಗಿ ಹೊರಟ ಚಕ್ಕಡಿ, ರಸ್ತೆಯ ಮೇಲೇ ಹಾಕಿದ ರಾಶಿ, ಅದರ ಪಕ್ಕದಲ್ಲಿ ಕಾಯುತ್ತ ಕುಳಿತ ಮನುಷ್ಯ, ಎಲ್ಲವೂ ಇದೇ ಕತ್ತಲೆಯಲ್ಲಿ ಇರುತ್ತವೆ. ಇಂಥ ರಸ್ತೆಯಲ್ಲಿ ಹೆಚ್ಚು ಬೆಳಕು ಬೇಕೆನಿಸುವುದು ಸಹಜ. ಆದರೆ ಆ ಬೆಳಕು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂಬುದೂ ಇಂಥ ರಸ್ತೆಯಲ್ಲೇ ಹೆಚ್ಚು ಮುಖ್ಯವಾಗುತ್ತದೆ.

ಬೆಂಗಳೂರಿನ ನಂಟು

ಕ್ಸೆನಾನ್ ಗಾಳಿಯಲ್ಲೇ ಇರುವ ಅನಿಲ. ಆದರೆ ಅದರ ಪ್ರಮಾಣ ತೀರ ಅಲ್ಪ. ಹತ್ತು ಕೋಟಿ ಭಾಗ ಗಾಳಿಯಲ್ಲಿ ಸುಮಾರು ಒಂಬತ್ತು ಭಾಗ ಮಾತ್ರ. 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಇದನ್ನು ಬೇರ್ಪಡಿಸಿದರು. ಅದೇ ವರ್ಷ ಕ್ರಿಪ್ಟಾನ್ ಮತ್ತು ನಿಯಾನ್ ಅನಿಲಗಳೂ ಅವರಿಬ್ಬರ ಕೈಯಲ್ಲೇ ಬೆಳಕಿಗೆ ಬಂದವು. ಗ್ರೀಕ್ ಭಾಷೆಯಲ್ಲಿ ‘ಅಪರಿಚಿತ’ ಎಂಬರ್ಥದ ಮಾತಿನಿಂದ ಕ್ಸೆನಾನ್ ಎಂಬ ಹೆಸರು ಬಂತು.

ಈ ಇಬ್ಬರು ವಿಜ್ಞಾನಿಗಳಿಗೂ ಕರ್ನಾಟಕದ ನಂಟಿದೆ. ಜೆಮ್‌ಷೆಡ್‌ಜಿ ಟಾಟಾ ಅವರು ಕನಸು ಕಂಡಿದ್ದ ವಿಜ್ಞಾನ ಸಂಸ್ಥೆಗೆ ಸ್ಥಳ ಸೂಚಿಸಲು ಭಾರತಕ್ಕೆ ಬಂದ ರಾಮ್ಸೆ, ಬೆಂಗಳೂರು ಯೋಗ್ಯವೆಂದು ಸಲಹೆ ಕೊಟ್ಟರು. ಮುಂದೆ ಅಲ್ಲಿ ನೆಲೆಗೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿ 1906ರಿಂದ 1914ರವರೆಗೆ ದುಡಿದವರು ಇದೇ ಟ್ರಾವರ್ಸ್. ಕಾರಿನ ದೀಪದ ಡಬ್ಬಿಯ ಮೇಲೆ ಕ್ಸೆನಾನ್ ಎಂಬ ಹೆಸರು ಕಂಡಾಗ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬಹುದು.

ಅನಿಲ ಸಿಕ್ಕಿದ್ದು 1898ರಲ್ಲಾದರೂ ಅದು ಕಾರಿನ ಹೆಡ್‌ಲೈಟಿಗೆ ಬರಲು ತೊಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1991ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ ತನ್ನ 7 ಸೀರೀಸ್ ಕಾರಿನಲ್ಲಿ ಇದನ್ನು ಮೊದಲು ಅಳವಡಿಸಿತು.

ಎರಡು ಬಲ್ಬು, ಎರಡು ಬಗೆ

ನಮ್ಮ ಬಹುಪಾಲು ಹಳೆಯ ಕಾರುಗಳಲ್ಲಿರುವುದು ಹ್ಯಾಲೊಜನ್ ಬಲ್ಬು. ಇದರಲ್ಲಿ ಟಂಗ್‌ಸ್ಟನ್ ತಂತಿಯ ಸಣ್ಣ ಸುರುಳಿ ಕಾದು ಬೆಳಗುತ್ತದೆ. ಮನೆಯ ಹಳೆಯ ಬಲ್ಬಿನಲ್ಲಿ ಆವಿಯಾದ ಟಂಗ್‌ಸ್ಟನ್ ಗಾಜಿಗೆ ಅಂಟಿ ಗಾಜು ಕಪ್ಪಾಗುತ್ತಿತ್ತು. ಹ್ಯಾಲೊಜನ್ ಬಲ್ಬಿನಲ್ಲಿ ಅಯೋಡಿನ್ ಅಥವಾ ಬ್ರೋಮಿನ್ ಆ ಆವಿಯನ್ನು ಹಿಡಿದು ಮತ್ತೆ ತಂತಿಗೇ ತಂದು ಮುಟ್ಟಿಸುತ್ತದೆ. ಹೀಗಾಗಿ ತಂತಿಯನ್ನು ಹೆಚ್ಚು ಕಾಯಿಸಬಹುದು, ಬೆಳಕೂ ಹೆಚ್ಚುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿರುವ ಎಚ್-4 ಬಲ್ಬು ಡಿಪ್‌ನಲ್ಲಿ 55 ವ್ಯಾಟ್ ಉಣ್ಣುತ್ತದೆ, ಸುಮಾರು 1000 ಲ್ಯುಮೆನ್ ಬೆಳಕು ಕೊಡುತ್ತದೆ. ಲ್ಯುಮೆನ್ ಎಂದರೆ ಬಲ್ಬಿನಿಂದ ಹೊರಬರುವ ಒಟ್ಟು ಬೆಳಕಿನ ಅಳತೆ.

ಕ್ಸೆನಾನ್ ಬಲ್ಬಿನಲ್ಲಿ ತಂತಿಯೇ ಇಲ್ಲ. ಸಣ್ಣದೊಂದು ಸ್ಫಟಿಕದ ಗಾಜಿನ ಗುಳಿಗೆ, ಅದರೊಳಗೆ ಎದುರುಬದುರಾಗಿ ಎರಡು ಕಡ್ಡಿ. ನಡುವಿನ ಅಂತರ ಸುಮಾರು ನಾಲ್ಕು ಮಿಲಿಮೀಟರು. ಗುಳಿಗೆಯೊಳಗೆ ಒತ್ತಡದಲ್ಲಿ ತುಂಬಿದ ಕ್ಸೆನಾನ್, ಜೊತೆಗೆ ಚೂರು ಲೋಹದ ಲವಣ. ಸ್ವಿಚ್ ಹಾಕಿದಾಗ ಬ್ಯಾಲಸ್ಟ್ ಎಂಬ ಪೆಟ್ಟಿಗೆ ಸುಮಾರು 20 ಸಾವಿರ ವೋಲ್ಟಿನ ಒಂದು ಪೆಟ್ಟು ಕೊಡುತ್ತದೆ. ಅನಿಲ ಸೀಳಿ ಮಿಂಚು ಹೊತ್ತಿಕೊಳ್ಳುತ್ತದೆ. ಆ ಕ್ಷಣದಲ್ಲೇ ಬೆಳಕು ಕೊಡುವುದು ಕ್ಸೆನಾನಿನ ಕೆಲಸ. ಕೆಲವು ಸೆಕೆಂಡುಗಳಲ್ಲಿ ಲವಣ ಆವಿಯಾಗಿ ಮುಖ್ಯ ಬೆಳಕನ್ನು ಅದು ಕೊಡತೊಡಗುತ್ತದೆ. ಬಳಿಕ ಸುಮಾರು 85 ವೋಲ್ಟ್ ಸಾಕು. ಬೀದಿಯ ಸೋಡಿಯಂ ದೀಪ ಪೂರ್ತಿ ಬೆಳಗಲು ನಿಮಿಷಗಳೇ ಬೇಕಾಗುತ್ತಿದ್ದುದನ್ನು ನೆನೆದರೆ ಕಾರಿಗೆ ಕ್ಸೆನಾನ್ ಏಕೆ ಬೇಕಾಯಿತು ಎಂಬುದು ತಿಳಿಯುತ್ತದೆ.

ಲೆಕ್ಕ ನೋಡಿ. ಇದು ಉಣ್ಣುವುದು 35 ವ್ಯಾಟ್, ಕೊಡುವುದು ಸುಮಾರು 3200 ಲ್ಯುಮೆನ್. ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ಮೂರು ಪಟ್ಟು ಬೆಳಕು. ಮಗ ಹೇಳುವ ಮಾತಿನಲ್ಲಿ ಇಷ್ಟು ಸತ್ಯ. ಈಗ ತಂದೆಯ ಮಾತಿಗೆ ಬರೋಣ.

ಒಂದು ಮಿಲಿಮೀಟರಿನ ಕಥೆ

ಹೆಡ್‌ಲೈಟು ಎಂದರೆ ಬರಿಯ ಬಲ್ಬು ಅಲ್ಲ. ಬಲ್ಬು, ಅದರ ಹಿಂದಿನ ಹೊಳೆಯುವ ಬೋಗುಣಿ ಅಂದರೆ ರಿಫ್ಲೆಕ್ಟರು, ಮುಂದಿನ ಗಾಜು, ಮೂರೂ ಸೇರಿ ಒಂದು ದೀಪ. ನಿಮ್ನ ದರ್ಪಣದ ಪಾಠ ನೆನಪಿಸಿಕೊಳ್ಳಿ. ಸಂಗಮ ಬಿಂದುವಿನಲ್ಲಿ ಇಟ್ಟ ಬೆಳಕು ಸಮಾಂತರ ಕಿರಣಗಳಾಗಿ ಹೊರಡುತ್ತದೆ. ಬೆಳಕನ್ನು ಅಲ್ಲಿಂದ ಕೊಂಚ ಸರಿಸಿದರೆ ಕಿರಣಗಳ ದಾರಿಯೇ ಬದಲಾಗುತ್ತದೆ.

ಎಚ್-4 ಬಲ್ಬಿನೊಳಗೆ ಎರಡು ಸುರುಳಿಗಳಿವೆ. ದೂರದ ಬೆಳಕಿನದು ಸಂಗಮ ಬಿಂದುವಿನ ಬಳಿ. ಡಿಪ್‌ನದು ಅದಕ್ಕಿಂತ ಕೊಂಚ ಮುಂದೆ, ಅದರ ಕೆಳಗೆ ಲೋಹದ ಪುಟ್ಟ ತಟ್ಟೆ. ಸುರುಳಿ ಮುಂದಿರುವುದರಿಂದ ಬೋಗುಣಿಯ ಮೇಲರ್ಧಕ್ಕೆ ತಾಗಿದ ಬೆಳಕು ಕೆಳಕ್ಕೆ, ರಸ್ತೆಗೆ ಇಳಿಯುತ್ತದೆ. ಕೆಳಗರ್ಧಕ್ಕೆ ತಾಗಿದ ಬೆಳಕು ಮೇಲಕ್ಕೆ, ಎದುರಿನವರ ಕಣ್ಣಿಗೆ ಹೋಗಬೇಕಾಗಿತ್ತು. ಅದು ಹೋಗದಂತೆ ಆ ತಟ್ಟೆ ಅಡ್ಡ ನಿಂತಿದೆ. ಒಳ್ಳೆಯ ಡಿಪ್ ಲೈಟನ್ನು ಗೋಡೆಗೆ ಬಿಟ್ಟರೆ ಮೇಲೆ ಕತ್ತಲೆ, ಕೆಳಗೆ ಬೆಳಕು, ನಡುವೆ ಸ್ಪಷ್ಟವಾದ ಗೆರೆ ಕಾಣುವುದು ಇದರಿಂದಲೇ.

ಈ ಬೋಗುಣಿಯಲ್ಲಿ ಹ್ಯಾಲೊಜನ್ ಬಲ್ಬು ತೆಗೆದು ಕಿಟ್‌ನ ಕ್ಸೆನಾನ್ ಬಲ್ಬು ಕೂರಿಸಿದರೆ ಏನಾಗುತ್ತದೆ? ಬೆಳಕಿನ ಆಕಾರವೇ ಬೇರೆ. ಸುರುಳಿ ನೇರವಾಗಿತ್ತು, ಮಿಂಚು ಬಿಲ್ಲಿನಂತೆ ಬಾಗಿರುತ್ತದೆ. ಸುರುಳಿ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮ ಬೆಳಗುತ್ತಿತ್ತು, ಮಿಂಚು ಎರಡು ತುದಿಗಳಲ್ಲಿ ಹೆಚ್ಚು ಪ್ರಖರ. ಡಿಪ್ ಮತ್ತು ದೂರದ ಬೆಳಕಿಗಾಗಿ ಕೆಲವು ಕಿಟ್‌ಗಳಲ್ಲಿ ಸಣ್ಣ ವಿದ್ಯುತ್ಕಾಂತವೊಂದು ಬಲ್ಬನ್ನೇ ಹಿಂದೆ ಮುಂದೆ ಎಳೆಯುತ್ತದೆ. ಬೆಳಕಿನ ಜಾಗ ಮೊದಲಿನ ಸುರುಳಿಯ ಜಾಗಕ್ಕೆ ಕರಾರುವಾಕ್ಕಾಗಿ ಹೊಂದುವುದಿಲ್ಲ.

ಹೊಂದದಿದ್ದರೆ ಎಷ್ಟು ವ್ಯತ್ಯಾಸ? ಬೋಗುಣಿಯ ಸಂಗಮ ದೂರ 25 ಮಿಲಿಮೀಟರು ಎಂದಿಟ್ಟುಕೊಳ್ಳಿ. ಬೆಳಕು ಒಂದು ಮಿಲಿಮೀಟರು ಪಕ್ಕಕ್ಕೆ ಅಥವಾ ಕೆಳಕ್ಕೆ ಸರಿದರೆ ಕಿರಣ 25ಕ್ಕೆ 1ರಷ್ಟು ಓರೆಯಾಗುತ್ತದೆ. 50 ಮೀಟರು ದೂರ ಹೋಗುವಷ್ಟರಲ್ಲಿ ಅದು 2 ಮೀಟರು ಸರಿದಿರುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕು ಎದುರಿನ ಬೈಕ್ ಸವಾರನ ಮುಖಕ್ಕೆ ಹೋಗಲು ಇಷ್ಟು ಧಾರಾಳವಾಗಿ ಸಾಕು. ಅದೂ ಮೊದಲಿನ ಮೂರು ಪಟ್ಟು ಬೆಳಕು!

ಕಂಪನಿಯಿಂದಲೇ ಕ್ಸೆನಾನ್ ದೀಪದೊಡನೆ ಬಂದ ಕಾರಿನಲ್ಲಿ ಬೋಗುಣಿ ಅಥವಾ ಪ್ರೊಜೆಕ್ಟರ್ ಲೆನ್ಸು ಆ ಮಿಂಚಿನ ಆಕಾರಕ್ಕೆಂದೇ ತಯಾರಾಗಿರುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮಗಳನ್ನು ಅನುಸರಿಸುವ ದೇಶಗಳಲ್ಲಿ ಇಂಥ ಪ್ರಖರ ದೀಪದ ಜೊತೆಗೆ ಇನ್ನೂ ಎರಡು ವ್ಯವಸ್ಥೆಗಳನ್ನು ಕೇಳುತ್ತ ಬಂದಿದ್ದಾರೆ. ಒಂದು, ಹಿಂದಿನ ಸೀಟಿನಲ್ಲಿ ಜನ, ಡಿಕ್ಕಿಯಲ್ಲಿ ಚೀಲ ತುಂಬಿದಾಗ ಕಾರಿನ ಮೂತಿ ಮೇಲೆದ್ದರೂ ಬೆಳಕು ಮೇಲೇಳದಂತೆ ತಾನಾಗಿಯೇ ತಗ್ಗಿಸುವ ಯಂತ್ರ. ಇನ್ನೊಂದು, ದೀಪದ ಗಾಜಿನ ಮೇಲಿನ ಧೂಳು ತೊಳೆಯುವ ನೀರಿನ ಚಿಲುಮೆ. ಧೂಳು ಕೂತ ಗಾಜು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಅಂಗಡಿಯ ಕಿಟ್‌ನಲ್ಲಿ ಬಲ್ಬು, ಬ್ಯಾಲಸ್ಟು, ವೈರು ಇರುತ್ತವೆ. ಈ ಎರಡು ವ್ಯವಸ್ಥೆಗಳು ಇರುವುದಿಲ್ಲ.

ಈಗ ಮಾರುಕಟ್ಟೆಯಲ್ಲಿ ಕ್ಸೆನಾನಿಗಿಂತ ಎಲ್‌ಇಡಿ ಬಲ್ಬುಗಳ ಭರಾಟೆ ಹೆಚ್ಚು. ಹ್ಯಾಲೊಜನ್ ಬೋಗುಣಿಯಲ್ಲಿ ಎಲ್‌ಇಡಿ ಬಲ್ಬು ಸಿಕ್ಕಿಸಿದರೂ ಮೇಲಿನ ಮಾತೇ ಅನ್ವಯಿಸುತ್ತದೆ. ಬೆಳಕು ಹುಟ್ಟುವ ಜಾಗ ಮತ್ತು ಆಕಾರ ಬದಲಾದರೆ ಅದು ಬೀಳುವ ಜಾಗವೂ ಬದಲಾಗುತ್ತದೆ.

ಕಣ್ಣಿನ ಲೆಕ್ಕ

ಕತ್ತಲೆಯಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಅಂಥ ಕಣ್ಣಿಗೆ ಪ್ರಖರ ಬೆಳಕು ನುಗ್ಗಿದಾಗ ಎರಡು ತೊಂದರೆಗಳಾಗುತ್ತವೆ. ಬೆಳಕು ಕಣ್ಣಿನೊಳಗೇ ಚೆದುರಿ ಅಕ್ಷಿಪಟಲದ ಮೇಲೆ ಬಿಳಿಯ ಪರದೆ ಎಳೆದಂತಾಗುತ್ತದೆ. ರಸ್ತೆ ಬದಿಯ ಮನುಷ್ಯ ಅಲ್ಲೇ ಇದ್ದರೂ ಆ ಪರದೆಯಲ್ಲಿ ಮುಳುಗಿ ಹೋಗುತ್ತಾನೆ. ವಾಹನ ದಾಟಿದ ಮೇಲೂ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು.

ಗಂಟೆಗೆ 60 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಮೂರು ಸೆಕೆಂಡು ಕಣ್ಣು ಕಾಣದಿದ್ದರೆ 50 ಮೀಟರು ಕುರುಡಾಗಿ ಓಡಿದಂತೆ. ಅಷ್ಟರಲ್ಲಿ ಒಂದು ಚಕ್ಕಡಿ ಅಡ್ಡ ಬಂದಿದ್ದರೆ?

ಇದರಲ್ಲಿ ವಯಸ್ಸಿನ ಮಾತೂ ಇದೆ. ವಯಸ್ಸಾದಂತೆ ಕಣ್ಣಿನ ಮಸೂರ ತನ್ನ ತಿಳಿತನ ಕಳೆದುಕೊಳ್ಳುತ್ತದೆ. ಪೊರೆ ಬರತೊಡಗಿದ ಕಣ್ಣಿನಲ್ಲಂತೂ ಬೆಳಕು ಹೆಚ್ಚು ಚೆದುರುತ್ತದೆ. ಕಣ್ಣು ಚೇತರಿಸಿಕೊಳ್ಳಲು ಬೇಕಾದ ಕಾಲವೂ ಹೆಚ್ಚುತ್ತದೆ. ಇಪ್ಪತ್ತರ ಹುಡುಗನಿಗೆ ‘ಅಷ್ಟೇನೂ ಹೊಡೆಯೋದಿಲ್ಲ’ ಎನ್ನಿಸುವ ಬೆಳಕು ಐವತ್ತೈದರ ತಂದೆಗೆ ದಾರಿಯನ್ನೇ ಮರೆಮಾಡಬಹುದು. ‘ಲೈಟ್ ಕಣ್ಣಾಗ ಹೊಡಿತಾವ್ರೀ, ಏನೂ ಕಾಣವಲ್ದು’ ಎಂದು ಹಿರಿಯರು ಹೇಳಿದರೆ ಅದನ್ನು ಅಂಜಿಕೆಯೆಂದು ತಳ್ಳಿಹಾಕಬಾರದು. ಅದು ಕಣ್ಣಿನ ಭೌತಶಾಸ್ತ್ರ. ಅಂಥವರು ವರ್ಷಕ್ಕೊಮ್ಮೆಯಾದರೂ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇನ್ನೊಂದು ವಿಷಯ. ಮೂರು ಪಟ್ಟು ಬೆಳಕು ಹಾಕಿದರೆ ಮೂರು ಪಟ್ಟು ದೂರ ಕಾಣುವುದೇ? ಇಲ್ಲ. ವಿಲೋಮ ವರ್ಗ ನಿಯಮದ ಪ್ರಕಾರ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಎರಡರಷ್ಟು ದೂರ ಕಾಣಲು ನಾಲ್ಕರಷ್ಟು ಬೆಳಕು ಬೇಕು. ಮೂರು ಪಟ್ಟು ಬೆಳಕಿಗೆ ದಕ್ಕುವುದು ಹೆಚ್ಚೆಂದರೆ ಒಂದೂ ಮುಕ್ಕಾಲು ಪಟ್ಟು ದೂರ. ಅದೂ ಎಲ್ಲ ಬೆಳಕೂ ಸರಿಯಾದ ದಿಕ್ಕಿಗೆ ಹೋದರೆ ಮಾತ್ರ. ಕಿಟ್‌ನ ಬೆಳಕು ಬಹಳ ಸಲ ಕಾರಿನ ಮೂತಿಯ ಮುಂದೆಯೇ ಚೆಲ್ಲುತ್ತದೆ. ಹತ್ತಿರದ ರಸ್ತೆ ಬೆಳ್ಳಗೆ ಹೊಳೆಯುವುದನ್ನು ಕಂಡು ನಮಗೆ ಸಂತೋಷವಾಗುತ್ತದೆ. ಆದರೆ ಆ ಹೊಳಪಿಗೆ ಪಾಪೆ ಕಿರಿದಾಗಿ ದೂರದ ವಸ್ತು ಮೊದಲಿಗಿಂತ ಮಬ್ಬಾಗಿ ಕಾಣುತ್ತದೆ.

ನೀಲಿ ಬೆಳಕಿನ ಮೋಹ

ಡಬ್ಬಿಯ ಮೇಲೆ 4300, 6000, 8000 ಎಂಬ ಅಂಕಿಗಳಿರುತ್ತವೆ. ದೊಡ್ಡ ಅಂಕಿಗೆ ಹೆಚ್ಚು ಬೆಳಕು ಎಂದು ಹಲವರು ತಿಳಿದಿದ್ದಾರೆ. ಅದು ಬೆಳಕಿನ ಪ್ರಮಾಣವಲ್ಲ, ಬಣ್ಣ. ಕೆಲ್ವಿನ್ ಎಂಬ ಅಳತೆಯಲ್ಲಿ ಬಣ್ಣವನ್ನು ಹೇಳುತ್ತಾರೆ. ಹ್ಯಾಲೊಜನ್ ಸುಮಾರು 3200, ಹಳದಿ ಬೆರೆತ ಬಿಳಿ. ಕಂಪನಿಗಳು ಅಳವಡಿಸಿದ ಕ್ಸೆನಾನ್ ಸುಮಾರು 4300, ಬಿಳಿ. 6000ದಲ್ಲಿ ನೀಲಿ ಛಾಯೆ ಬರುತ್ತದೆ, 8000 ಎಂದರೆ ನೀಲಿಯೇ. ನೀಲಿ ಹೆಚ್ಚಿದಂತೆ ಕಣ್ಣಿಗೆ ಉಪಯೋಗವಾಗುವ ಬೆಳಕು ಕಡಿಮೆಯಾಗುತ್ತದೆ, ಎದುರಿನವರಿಗೆ ಕಿರಿಕಿರಿ ಹೆಚ್ಚುತ್ತದೆ. ಅಂಕಿ ದೊಡ್ಡದೆಂದು ಹೆಚ್ಚು ಹಣ ಕೊಟ್ಟು ಕಡಿಮೆ ಬೆಳಕು ಕೊಂಡಂತಾಗುತ್ತದೆ.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಇದೇ ವಿಷಯಕ್ಕೆ ಮೀಸಲು. ದೀಪದಿಂದ 8 ಮೀಟರು ಮುಂದೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಕಣ್ಣು ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕು ಎಂಬುದು ಅದರ ತಿರುಳು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನವನ್ನು ಮನಬಂದಂತೆ ಬದಲಾಯಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ ಅನುಮತಿಯಿಲ್ಲದ ಭಾಗಗಳನ್ನು ಜೋಡಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಓಡಿಸುವವನು ಮಗನಾದರೂ ಕಾಗದ ತಂದೆಯ ಹೆಸರಿನಲ್ಲಿದ್ದರೆ ಉತ್ತರ ಕೊಡಬೇಕಾದವರು ತಂದೆ. 2024ರ ಜುಲೈನಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಹೆಡ್‌ಲೈಟುಗಳ ವಿರುದ್ಧ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದ್ದರು. ವೈರು ಕತ್ತರಿಸಿ ಕಿಟ್ ಜೋಡಿಸಿದರೆ ಕಂಪನಿಯ ವಾರಂಟಿಗೂ ವಿಮೆಯ ಪರಿಹಾರಕ್ಕೂ ತಕರಾರು ಬರಬಹುದೆಂಬುದನ್ನೂ ನೆನಪಿಡಬೇಕು.

ಹಾಗಾದರೆ ಮಾಡುವುದೇನು?

ಮಂದ ದೀಪಕ್ಕೆ ಮದ್ದಿಲ್ಲವೆಂದಲ್ಲ. ಕ್ರಮವಾಗಿ ನೋಡುತ್ತ ಹೋಗಬೇಕು.

ಮೊದಲನೆಯದು ಗಾಜು. ಈಗಿನ ಕಾರುಗಳಲ್ಲಿ ದೀಪದ ಮುಂದಿರುವುದು ಗಾಜಲ್ಲ, ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್. ನಮ್ಮ ಬಿಸಿಲಿಗೆ ಅದು ಕೆಲವು ವರ್ಷಗಳಲ್ಲಿ ಹಳದಿಗಟ್ಟಿ ಮಬ್ಬಾಗುತ್ತದೆ. ಅದನ್ನು ತಿಕ್ಕಿ ಪಾಲಿಶ್ ಮಾಡಿಸಿದರೆ ಅಥವಾ ಬದಲಾಯಿಸಿದರೆ ಹಳೆಯ ಬಲ್ಬೇ ಹೊಸದರಂತೆ ಬೆಳಗುತ್ತದೆ. ಕಾರಿನ ಮುಂಗಾಜಿನ ಒಳಮೈಯನ್ನೂ ಒರೆಸಿ. ಅಲ್ಲಿ ಕೂತ ಜಿಡ್ಡು ಎದುರಿನ ಬೆಳಕನ್ನು ಚೆದುರಿಸುತ್ತದೆ.

ಎರಡನೆಯದು ವೋಲ್ಟೇಜು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಬಳಿ 13.5 ವೋಲ್ಟ್ ಇದ್ದರೂ ಸಣ್ಣ ವೈರು, ಹಳೆಯ ಸ್ವಿಚ್ಚು, ತುಕ್ಕು ಹಿಡಿದ ಅರ್ಥ್ ದಾಟಿ ಬಲ್ಬಿಗೆ ಬರುವಷ್ಟರಲ್ಲಿ 12 ಉಳಿದಿರಬಹುದು. ಒಂದೂವರೆ ವೋಲ್ಟ್ ತಾನೇ ಎನ್ನಬೇಡಿ. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತದಲ್ಲಿ ಬದಲಾಗುತ್ತದೆ. ಲೆಕ್ಕ ಹಾಕಿದರೆ ಬೆಳಕಿನ ಮೂರನೆಯ ಒಂದು ಭಾಗವೇ ದಾರಿಯಲ್ಲಿ ಸೋರಿರುತ್ತದೆ! ಒಳ್ಳೆಯ ವೈರಿಂಗ್ ಮಿಸ್ತ್ರಿಯಿಂದ ರಿಲೇ, ಫ್ಯೂಸು ಮತ್ತು ದಪ್ಪ ವೈರು ಹಾಕಿಸಿ, ಅರ್ಥ್ ಶುಚಿ ಮಾಡಿಸಿದರೆ ಅದೇ ಬಲ್ಬಿನಿಂದ ಸುಮಾರು ಒಂದೂವರೆ ಪಟ್ಟು ಬೆಳಕು ಬರುತ್ತದೆ. ಗೆರೆ ಕೆಡುವುದಿಲ್ಲ, ಎದುರಿನವರಿಗೆ ಮಿಂಚು ಹೊಡೆಯುವುದಿಲ್ಲ. ಮಲ್ಟಿಮೀಟರ್ ಹಿಡಿಯಲು ಬಲ್ಲ ಐಟಿಐ, ಡಿಪ್ಲೊಮಾ ಹುಡುಗರು ಈ ಎರಡು ಜಾಗಗಳ ವೋಲ್ಟೇಜನ್ನು ತಾವೇ ಅಳೆಯಬಹುದು. ಆದರೆ ಹೊಸ ಕಾರುಗಳಲ್ಲಿ ದೀಪವನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ವೈರಿಗೆ ಕೈ ಹಾಕುವ ಮೊದಲು ಕಂಪನಿಯ ಸರ್ವಿಸ್ ಕೇಂದ್ರವನ್ನು ಕೇಳಬೇಕು.

ಮೂರನೆಯದು ಬಲ್ಬು. ಹೆಸರಾಂತ ತಯಾರಕರ, ಕಂಪನಿ ಹೇಳಿದ ವ್ಯಾಟಿನ ಹೊಸ ಜೋಡಿ ಹಾಕಿಸಿ. ಒಂದೇ ಕಡೆ ಬದಲಾಯಿಸಿದರೆ ಎರಡೂ ಬೇರೆ ಬೇರೆಯಾಗಿ ಬೆಳಗುತ್ತವೆ. 100/90 ವ್ಯಾಟಿನ ಬಲ್ಬು ಬೇಡ. ಅದರ ಶಾಖಕ್ಕೆ ಹೋಲ್ಡರು ಕರಗಬಹುದು, ಬೋಗುಣಿಯ ಹೊಳಪು ಸುಟ್ಟು ಹೋಗಬಹುದು. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ.

ನಾಲ್ಕನೆಯದು ದಿಕ್ಕು. ಸಮತಟ್ಟಾದ ನೆಲದಲ್ಲಿ ಗೋಡೆಗೆ ಎದುರಾಗಿ, 10 ಮೀಟರು ದೂರದಲ್ಲಿ ಕಾರು ನಿಲ್ಲಿಸಿ. ಚಕ್ರಗಳ ಗಾಳಿ ಸರಿಯಾಗಿರಲಿ. ನೆಲದಿಂದ ದೀಪದ ಮಧ್ಯದ ಎತ್ತರ ಅಳೆದು ಅದೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಡಿಪ್ ಹಾಕಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರು ಕೆಳಗಿರಬೇಕು. ಮೇಲಿದ್ದರೆ ಎದುರಿನವರಿಗೆ ತೊಂದರೆ, ತೀರ ಕೆಳಗಿದ್ದರೆ ನಿಮಗೇ ದಾರಿ ಕಾಣದು. ದೀಪದ ಹಿಂದಿನ ತಿರುಪಿನಿಂದ ಇದನ್ನು ಸರಿಪಡಿಸಬಹುದು. ಹಲವು ಕಾರುಗಳಲ್ಲಿ ಸ್ಟಿಯರಿಂಗಿನ ಪಕ್ಕ 0, 1, 2, 3 ಎಂಬ ಪುಟ್ಟ ಚಕ್ರವಿರುತ್ತದೆ. ಹಿಂದೆ ಭಾರ ತುಂಬಿದಾಗ ಬೆಳಕನ್ನು ತಗ್ಗಿಸುವುದಕ್ಕಾಗಿಯೇ ಅದು ಇರುವುದು.

ಇಷ್ಟಾದ ಮೇಲೂ ಕ್ಸೆನಾನೇ ಬೇಕೆನ್ನುವವರು ಬಲ್ಬನ್ನಲ್ಲ, ಆ ಮಾದರಿಗೆ ಕಂಪನಿಯೇ ಒದಗಿಸುವ ಪೂರ್ತಿ ದೀಪದ ಜೋಡಣೆಯನ್ನು, ಬೆಳಕು ತಗ್ಗಿಸುವ ಯಂತ್ರದ ಸಮೇತ, ಕೇಳಿ ನೋಡಬೇಕು. ಅದಕ್ಕೆ ಅನುಮತಿ ಇದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಕಾರಿನೊಂದಿಗೇ ಬಂದ ಕ್ಸೆನಾನ್ ದೀಪದ ಬಲ್ಬು ಹೋದರೆ, ಮೂಲ ಬಲ್ಬಿನ ಸಂಖ್ಯೆಯದನ್ನೇ ಜೋಡಿಯಾಗಿ ಹಾಕಿಸಬೇಕು. ಸ್ವಿಚ್ ಆರಿಸಿ, ದೀಪ ತಣಿದ ಮೇಲೆ, ಬ್ಯಾಟರಿಯ ತಂತಿ ಬಿಚ್ಚಿ ಮಾಡುವ ಕೆಲಸವಿದು. 20 ಸಾವಿರ ವೋಲ್ಟಿನ ಪೆಟ್ಟು ಆಟದ ಮಾತಲ್ಲ. ಹುಡುಗರು ಇದನ್ನು ಮನೆಯಲ್ಲಿ ಪ್ರಯೋಗಿಸಬಾರದು. ಡಿ-1, ಡಿ-2 ಎಂಬ ಗುರುತಿನ ಬಲ್ಬುಗಳಲ್ಲಿ ಪಾದರಸವಿರುತ್ತದೆ. ಹಳೆಯದನ್ನು ತಿಪ್ಪೆಗೆ ಎಸೆಯದೆ ಸರ್ವಿಸ್ ಕೇಂದ್ರಕ್ಕೆ ಹಿಂದಿರುಗಿಸಬೇಕು.

ವೇಗವೂ ಒಂದು ದೀಪ

ದೀಪದ ಮಧ್ಯ ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿದ್ದು, 10 ಮೀಟರಿಗೆ 10 ಸೆಂಟಿಮೀಟರಿನಂತೆ ಬೆಳಕು ಇಳಿದರೆ ಅದರ ಮೇಲಂಚು 65 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಡಿಪ್‌ನಲ್ಲಿ ನಮ್ಮ ದಾರಿ ಅಲ್ಲಿಗೆ ಮುಗಿಯಿತು. ಈಗ ಕಾರು ನಿಲ್ಲಲು ಬೇಕಾದ ದೂರ ನೋಡಿ. ಕಂಡು ಬ್ರೇಕು ತುಳಿಯಲು ಒಂದೂವರೆ ಸೆಕೆಂಡು, ಬ್ರೇಕಿನ ಬಲ ಸೆಕೆಂಡಿಗೆ ಸೆಕೆಂಡಿಗೆ 6 ಮೀಟರು ಎಂದಿಟ್ಟುಕೊಂಡರೆ, 60 ಕಿಲೋಮೀಟರು ವೇಗದಲ್ಲಿ ಸುಮಾರು 48 ಮೀಟರು. 80ರಲ್ಲಿ ಸುಮಾರು 74. 100ರಲ್ಲಿ ಸುಮಾರು 106. ಅಂದರೆ 60ರಲ್ಲಿ ಹೋಗುವವನು ಬೆಳಕಿನೊಳಗೇ ನಿಲ್ಲಬಲ್ಲ. 80ರಲ್ಲಿ ಹೋಗುವವನು ಬೆಳಕು ದಾಟಿ, ತಾನು ಕಾಣದ ಜಾಗದಲ್ಲಿ ನಿಲ್ಲುತ್ತಾನೆ. ಪಿಯುಸಿ ವಿದ್ಯಾರ್ಥಿಗಳು ಚಲನೆಯ ಸಮೀಕರಣ ಹಿಡಿದು ಈ ಅಂಕಿಗಳನ್ನು ತಾವೇ ತಾಳೆ ನೋಡಬಹುದು. ರಾತ್ರಿ ಇಪ್ಪತ್ತು ಕಿಲೋಮೀಟರು ವೇಗ ತಗ್ಗಿಸುವುದಕ್ಕೆ ಯಾವ ಅಂಗಡಿಯಲ್ಲೂ ಹಣ ಕೊಡಬೇಕಾಗಿಲ್ಲ.

ಎದುರಿನಿಂದ ಕಣ್ಣು ಕುಕ್ಕುವ ಬೆಳಕು ಬಂದರೆ ನಾವೂ ದೂರದ ಲೈಟು ಹಾಕಿ ಸೇಡು ತೀರಿಸಿಕೊಳ್ಳುವುದು ಬೇಡ. ಆಗ ರಸ್ತೆಯಲ್ಲಿ ಒಬ್ಬರ ಬದಲು ಇಬ್ಬರು ಕುರುಡರಾಗುತ್ತಾರೆ. ವೇಗ ತಗ್ಗಿಸಿ ರಸ್ತೆಯ ಎಡ ಅಂಚನ್ನು ನೋಡುತ್ತ ಸಾಗಬೇಕು.

ಕೊನೆಯದಾಗಿ, ಕಾರಿಲ್ಲದ ಮನೆಗಳ ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವಿದೆ. ಪ್ರತಿಫಲಿಸುವ ಪಟ್ಟಿ, ಅಂದರೆ ರಿಫ್ಲೆಕ್ಟಿವ್ ಟೇಪು, ವಾಹನಗಳ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಮೈಯಲ್ಲಿರುವ ಸಣ್ಣ ಗಾಜಿನ ಮಣಿಗಳು ಅಥವಾ ಪಟ್ಟಕಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಸಾಧಾರಣ ಹ್ಯಾಲೊಜನ್ ದೀಪಕ್ಕೂ ಅದು ಬಹುದೂರದಿಂದಲೇ ಹೊಳೆದು ಕಾಣುತ್ತದೆ. ಅಪ್ಪನ ಅಥವಾ ಕಾಕಾನ ಟ್ರೇಲರಿನ ಹಿಂದೆ, ಚಕ್ಕಡಿಯ ಹಿಂದೆ ಕೆಂಪು ಪಟ್ಟಿ ಅಂಟಿಸಿ. ನಿಮ್ಮ ಸೈಕಲ್ಲಿನ ಹಿಂಗಾಪಿಗೂ ಒಂದು ತುಂಡು ಇರಲಿ. ಸೀಮೆಸುಣ್ಣ, ಟೇಪಳತೆ, ಒಂದು ಗೋಡೆ, ಇಷ್ಟಿದ್ದರೆ ಕಾರಿನ ದೀಪದ ಪರೀಕ್ಷೆಯೂ ಮುಗಿಯುತ್ತದೆ. ಗೋಡೆಯ ಗೆರೆಗಿಂತ ಬೆಳಕು ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಈ ಭಾನುವಾರ ಸಂಜೆ ಮಗ ಅಳೆಯಲಿ, ತಿರುಪನ್ನು ತಂದೆ ತಿರುಗಿಸಲಿ.